ಫೋಟೋ ಕೊಳ್ಳುವ ಮುಂಚೆ ಅದರ ಬೆನ್ನು ನೋಡಿ

ಪೇಂಟಿಂಗ್ ಕೊಂಡವರು ನಮ್ಮಲ್ಲಿಗೆ ಬಂದರೆ ಯಾವ ಮರ, ಯಾವ ಗಾಜು ಅಂತ ಮಾತ್ರ ಕೇಳುತ್ತಾರೆ. ಫೋಟೋ ಕೊಂಡವರು ಹಾಗಲ್ಲ. ಟ್ಯೂಬಿನಿಂದ ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿ, ದನಿ ತಗ್ಗಿಸಿ ಕೇಳುತ್ತಾರೆ: "ಇದಕ್ಕೆ ಇಷ್ಟು ದುಡ್ಡು ಕೊಟ್ಟೆ. ಫೈಲ್ ಸಿಕ್ಕಿದ್ದರೆ ನೀವೇ ಪ್ರಿಂಟ್ ಹಾಕಿಕೊಡ್ತಿದ್ರಿ ಅಲ್ವಾ?"

ಹೌದು, ಹಾಕಿಸಿಕೊಡುತ್ತಿದ್ದೆ. ಅದೇ ಪೇಪರ್, ಅದೇ ಇಂಕ್. ನೋಡಿದರೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಯಾಕೆ ಅನ್ನೋದು ತಿಳಿದರೆ ಫೋಟೋ ಕೊಳ್ಳುವುದು ಕಷ್ಟದ ಕೆಲಸವಲ್ಲ. ಪೇಂಟಿಂಗ್ ಇರುವುದೇ ಒಂದು. ಫೋಟೋ ಎಷ್ಟು ಬೇಕಾದರೂ ಹುಟ್ಟಬಹುದು. ಹಾಗಾಗಿ ಇಲ್ಲಿ ನೀವು ಕಾಗದದ ಜೊತೆಗೆ ಒಬ್ಬರ ಮಾತನ್ನೂ ಕೊಳ್ಳುತ್ತೀರಿ. ಇದು ನನ್ನ ಕೆಲಸ, ಇಷ್ಟೇ ಪ್ರಿಂಟ್ ಹಾಕುತ್ತೇನೆ, ಇದರಲ್ಲಿ ಇಂತಿಂಥದ್ದು ಮಾಡಿದ್ದೇನೆ ಅನ್ನುವ ಮಾತು. ಅದು ಬರಹದಲ್ಲಿ ಇದೆಯಾ ಅಂತ ನೋಡಿಕೊಳ್ಳಬೇಕು. ಉಳಿದದ್ದೆಲ್ಲ ಆಮೇಲೆ.

ಮಲ್ಲೇಶ್ವರದಲ್ಲಿ ನಮ್ಮದು ಕಟ್ಟು ಹಾಕುವ ಅಂಗಡಿ. ಅಪ್ಪನ ಕಾಲಕ್ಕೆ ದೇವರ ಪಟ, ಮದುವೆ ಫೋಟೋ, ಹೋದವರ ಫೋಟೋ. ಈಗ ಗ್ಯಾಲರಿಗಳ ಕೆಲಸವೂ ಬರುತ್ತದೆ. ಹೀಗಾಗಿ ಗೋಡೆಗೆ ಹೋದ ಮೇಲೆ ಯಾರಿಗೂ ಕಾಣದ ಹಿಂಬದಿಯೇ ನಾನು ಜಾಸ್ತಿ ನೋಡಿದ್ದು.

ಮೊದಲು ಲೇಬಲ್ ಓದುವುದು ಕಲಿಯಿರಿ

ಬೆಂಗಳೂರಿನಲ್ಲಿ ಇದ್ದರೆ ಕಸ್ತೂರಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಗೆ ಹೋಗಿ ಬನ್ನಿ. ಎಲ್ಲರೂ ಮ್ಯಾಪ್ ಅಂತಾರೆ, 2023ರಲ್ಲಿ ಬಾಗಿಲು ತೆರೆಯಿತು. ಚಿತ್ರಗಳನ್ನು ನೋಡಿ, ಸರಿ. ಪಕ್ಕದ ಪುಟ್ಟ ಚೀಟಿಯನ್ನೂ ಓದಿ. ಹೆಸರು, ವರ್ಷ, ಆಮೇಲೆ 'ಜೆಲಟಿನ್ ಸಿಲ್ವರ್ ಪ್ರಿಂಟ್' ಅಂತಲೋ 'ಆರ್ಕೈವಲ್ ಪಿಗ್ಮೆಂಟ್ ಪ್ರಿಂಟ್' ಅಂತಲೋ ಇರುತ್ತದೆ. ಮೊದಲನೆಯದು ಡಾರ್ಕ್‌ರೂಮಿನಲ್ಲಿ ಕೆಮಿಕಲ್‌ನಲ್ಲಿ ಅದ್ದಿ ತೆಗೆದದ್ದು. ಎರಡನೆಯದು ಒಳ್ಳೆಯ ಇಂಕ್‌ಜೆಟ್. ಇಂಕ್‌ಜೆಟ್ ಅಂದರೆ ಮೂಗು ಮುರಿಯಬೇಡಿ. ಒಳ್ಳೆಯ ಪಿಗ್ಮೆಂಟ್ ಇಂಕ್, ಹತ್ತಿಯ ಪೇಪರ್ ಇದ್ದರೆ ಹಳೆಯ ಕಲರ್ ಲ್ಯಾಬ್ ಪ್ರಿಂಟಿಗಿಂತ ಎಷ್ಟೋ ಜಾಸ್ತಿ ಬಾಳಿಕೆ ಬರುತ್ತದೆ. ಎಂಬತ್ತರ ದಶಕದ ಮದುವೆ ಆಲ್ಬಂ ತೆಗೆದು ನೋಡಿ. ಬೀರುವಿನ ಕತ್ತಲಲ್ಲೇ ಇದ್ದರೂ ಎಲ್ಲರ ಮುಖ ಕೆಂಪಗೆ ತಿರುಗಿರುತ್ತದೆ.

ಕೆಲವು ಲೇಬಲ್‌ನಲ್ಲಿ ಎರಡು ವರ್ಷ ಇರುತ್ತದೆ. ಒಂದು ತೆಗೆದ ವರ್ಷ, ಇನ್ನೊಂದು ಪ್ರಿಂಟ್ ಹಾಕಿದ ವರ್ಷ. ಇದು ಸಣ್ಣ ವಿಷಯವಲ್ಲ. ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೊದ ಹರ್ನಾಂಡೆಜ್‌ನಲ್ಲಿ ಚಂದ್ರ ಮೂಡುವುದನ್ನು ತೆಗೆದರು. ಆ ಒಂದೇ ನೆಗೆಟಿವ್‌ನಿಂದ ದಶಕಗಳ ಕಾಲ ಸಾವಿರಕ್ಕೂ ಜಾಸ್ತಿ ಪ್ರಿಂಟ್ ಹಾಕಿದರು. ಮೊದಮೊದಲು ಆಕಾಶದಲ್ಲಿ ಮೋಡ ಚೆನ್ನಾಗಿ ಕಾಣುತ್ತಿತ್ತು. ಬರಬರುತ್ತಾ ಆಕಾಶ ಕಪ್ಪಾಯಿತು. ಒಂದೇ ಕೀರ್ತನೆಯನ್ನು ಒಬ್ಬರೇ ಮೂವತ್ತಕ್ಕೂ ಎಪ್ಪತ್ತಕ್ಕೂ ಹಾಡಿದ ಹಾಗೆ. ತೆಗೆದ ಕಾಲದಲ್ಲೇ ಹಾಕಿದ ಪ್ರಿಂಟಿಗೆ 'ವಿಂಟೇಜ್' ಅನ್ನುತ್ತಾರೆ, ಬೆಲೆ ಜಾಸ್ತಿ. ತೀರಿಕೊಂಡ ಮೇಲೆ ಮನೆಯವರೋ ಟ್ರಸ್ಟಿನವರೋ ಹಾಕಿಸಿದ್ದು 'ಎಸ್ಟೇಟ್ ಪ್ರಿಂಟ್'. ನಮ್ಮ ಮೈಸೂರಿನ ಫೋಟೋಗ್ರಾಫರ್ ಟಿ. ಎಸ್. ಸತ್ಯನ್ 2009ರಲ್ಲಿ ತೀರಿಕೊಂಡರು. ಅವರ ನೆಗೆಟಿವ್‌ನಿಂದ ಇವತ್ತು ಪ್ರಿಂಟ್ ಹಾಕಿದರೆ ಅದು ಅವರ ಚಿತ್ರವೇ. ಆದರೆ ಕಪ್ಪು ಎಷ್ಟಿರಬೇಕು, ಬಿಳಿ ಎಷ್ಟಿರಬೇಕು ಅಂತ ತೀರ್ಮಾನಿಸಿದವರು ಬೇರೆ. ಮಾರುವವರು ಇದನ್ನು ತಾವಾಗಿ ಹೇಳಬೇಕು. ಹೇಳದಿದ್ದರೆ ಕೇಳಿ.

ತಿರುಗಿಸಿ

ಪ್ರಿಂಟ್ ಕೈಗೆ ಬಂದಾಗ ಕೈ ತೊಳೆದು ಒರೆಸಿಕೊಳ್ಳಿ. ಎರಡೂ ಕೈಯಲ್ಲಿ ಎದುರುಬದುರು ಮೂಲೆ ಹಿಡಿದು ಮೆಲ್ಲಗೆ ತಿರುಗಿಸಿ. ಹಿಂದೆ, ಇಲ್ಲವೇ ಮುಂದಿನ ಬಿಳಿ ಅಂಚಿನಲ್ಲಿ, ಪೆನ್ಸಿಲ್‌ನಲ್ಲಿ ಸಹಿ, ವರ್ಷ ಮತ್ತು 3/10 ಅನ್ನುವಂಥ ಸಂಖ್ಯೆ ಇರಬೇಕು. ಹತ್ತು ಪ್ರಿಂಟಿನಲ್ಲಿ ಇದು ಮೂರನೆಯದು ಅಂತ ಅರ್ಥ. ಆ ಹತ್ತರ ಗುಂಪಿಗೆ ಎಡಿಷನ್ ಅನ್ನುತ್ತಾರೆ. 'ಎಪಿ' ಅಂತಿದ್ದರೆ ಕಲಾವಿದರು ತಮಗೆ ಇಟ್ಟುಕೊಂಡ ಪ್ರತಿ. ಒಂದೆರಡು ಎಪಿ ಇರುವುದು ವಾಡಿಕೆ. ಐದಾರು ಇದ್ದರೆ ಅದು ಹಿಂಬಾಗಿಲು. ಎಷ್ಟೋ ಕಡೆ ಸಹಿ ಬೇರೆ ಸರ್ಟಿಫಿಕೇಟ್ ಮೇಲಿರುತ್ತದೆ. ಅದೂ ಸರಿಯೇ, ಆದರೆ ಸರ್ಟಿಫಿಕೇಟ್‌ನಲ್ಲಿ ಚಿತ್ರ, ಅಳತೆ, ಪೇಪರ್, ಸಂಖ್ಯೆ ಎಲ್ಲ ಇರಬೇಕು. ಬರೀ 'ಅಸಲಿ' ಅಂತ ಚಿನ್ನದ ಬಣ್ಣದ ಸ್ಟಿಕ್ಕರ್ ಅಂಟಿಸಿದ್ದರೆ ಅದು ಮಿಠಾಯಿ ಡಬ್ಬಕ್ಕೆ ಲಾಯಕ್ಕು.

ಒಮ್ಮೆ ಒಂದೇ ಚಿತ್ರ ಇಬ್ಬರು ಗಿರಾಕಿಗಳಿಂದ ನಮ್ಮಲ್ಲಿಗೆ ಬಂತು. ಒಬ್ಬರಿಗೊಬ್ಬರು ಪರಿಚಯವಿಲ್ಲ. ಕಟ್ಟು ಹಾಕಲು ತಿರುಗಿಸಿದರೆ ಎರಡರ ಹಿಂದೆಯೂ 4/25. ಒಬ್ಬರು ಮಾರಿದವರಿಗೆ ಫೋನ್ ಹಚ್ಚಿದರು. "ಅದು ಸಣ್ಣ ಸೈಜಿನ ಎಡಿಷನ್, ಇದು ದೊಡ್ಡ ಸೈಜಿನದು, ಎರಡಕ್ಕೂ ಬೇರೆ ಬೇರೆ ಲೆಕ್ಕ" ಅಂತ ಉತ್ತರ ಬಂತು. ಇದು ಮೋಸ ಅಂತ ಹೇಳಲಾಗದು. ಸೈಜಿಗೊಂದು ಎಡಿಷನ್ ಮಾಡುವುದು ರೂಢಿಯಲ್ಲಿದೆ. ಆದರೆ ಮಾರುವಾಗ ಆ ಮಾತು ಎಲ್ಲೂ ಬಂದಿರಲಿಲ್ಲ. ಇಬ್ಬರೂ ಇಪ್ಪತ್ತೈದರಲ್ಲಿ ಒಂದು ಅಂದುಕೊಂಡಿದ್ದರು.

ಇದೇ ಜಗಳ ಅಮೆರಿಕದಲ್ಲಿ ಕೋರ್ಟಿಗೆ ಹೋಗಿತ್ತು. ವಿಲಿಯಂ ಎಗಲ್‌ಸ್ಟನ್ ಕಲರ್ ಫೋಟೋವನ್ನು ಕಲೆ ಅಂತ ಒಪ್ಪಿಸಿದವರಲ್ಲಿ ದೊಡ್ಡ ಹೆಸರು. ಅವರ ಹಳೆಯ, ಬಣ್ಣವನ್ನು ಒಂದೊಂದಾಗಿ ಪೇಪರಿಗೆ ಇಳಿಸುವ ಡೈ ಟ್ರಾನ್ಸ್‌ಫರ್ ಪ್ರಿಂಟ್‌ಗಳನ್ನು ಜೊನಾಥನ್ ಸೊಬೆಲ್ ಎಂಬ ಸಂಗ್ರಾಹಕರು ಕೊಂಡಿದ್ದರು. 2012ರಲ್ಲಿ ಎಗಲ್‌ಸ್ಟನ್ ಅವೇ ಚಿತ್ರಗಳಲ್ಲಿ ಕೆಲವನ್ನು ಇನ್ನೂ ದೊಡ್ಡದಾಗಿ, ಡಿಜಿಟಲ್ ಪಿಗ್ಮೆಂಟ್‌ನಲ್ಲಿ ಹಾಕಿಸಿ ಕ್ರಿಸ್ಟೀಸ್‌ನಲ್ಲಿ ಹರಾಜಿಗಿಟ್ಟರು. ಹರಾಜಾದದ್ದು 36 ಪ್ರಿಂಟ್, ಬಂದದ್ದು ಸುಮಾರು 59 ಲಕ್ಷ ಡಾಲರ್. ಸೊಬೆಲ್ ದಾವೆ ಹಾಕಿದರು. ಮರುವರ್ಷ ಕೋರ್ಟ್ ಅದನ್ನು ತಳ್ಳಿಹಾಕಿತು. ಹೊಸ ಪ್ರಿಂಟ್‌ನ ವಿಧಾನ ಬೇರೆ, ಅಳತೆ ಬೇರೆ, ಹಾಗಾಗಿ ಅದು ಬೇರೆ ಎಡಿಷನ್ ಅಂತ. ಅಷ್ಟು ದೊಡ್ಡ ಸಂಗ್ರಾಹಕರ ಪಾಡೇ ಹೀಗಾದರೆ ನಮ್ಮ ಗತಿ? 'ಯಾವ ಸೈಜಿನಲ್ಲೂ, ಯಾವ ವಿಧಾನದಲ್ಲೂ ಸೇರಿ ಒಟ್ಟು ಎಷ್ಟು' ಅಂತ ಕೇಳಿ. ಸಂಖ್ಯೆ ಏನೇ ಇರಲಿ, ಬರೆಸಿಕೊಳ್ಳಿ.

ಅಂದ ಹಾಗೆ, ಎಡಿಷನ್ ಮುಗಿಯುತ್ತಾ ಬಂದಂತೆ ಎಷ್ಟೋ ಗ್ಯಾಲರಿಗಳು ಬೆಲೆ ಏರಿಸುತ್ತವೆ. 1/10ಕ್ಕೂ 9/10ಕ್ಕೂ ಚಿತ್ರದಲ್ಲಿ ಕೂದಲೆಳೆ ವ್ಯತ್ಯಾಸ ಇರುವುದಿಲ್ಲ. ಇಷ್ಟವಾದರೆ ಬೇಗ ಕೊಳ್ಳಿ.

ತೆಗೆದವರು ಯಾರು, ಮಾಡಿದವರು ಯಾರು

ಅಪ್ಪ ಲೆಕ್ಕವಿಲ್ಲದಷ್ಟು ಸಲ ಕಟ್ಟು ಹಾಕಿದ ಪಟ ರವಿವರ್ಮನ ಲಕ್ಷ್ಮಿ. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅದೇ ಲಕ್ಷ್ಮಿಯಾಗಿ ವೇಷ ಹಾಕಿ ಕ್ಯಾಮರಾ ಮುಂದೆ ನಿಂತರು. ಪಟದಲ್ಲಿದ್ದ ಹಾಗೇ ಸೀರೆ, ಕಿರೀಟ, ತಾವರೆ. 2000ದಿಂದ 2004ರವರೆಗೆ ಮಾಡಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಸರಣಿ ಅದು. ಅದರಲ್ಲಿ ಪೊಲೀಸ್ ಫೋಟೋದ ಹೆಂಗಸರಿದ್ದಾರೆ, ಬ್ರಿಟಿಷರು ಅಳತೆಪಟ್ಟಿಯ ಮುಂದೆ ನಿಲ್ಲಿಸಿ ತೆಗೆದ ತೋಡ ಹೆಂಗಸಿದ್ದಾಳೆ, ಸಿನಿಮಾ ಸ್ಟಿಲ್ ಇದೆ. ಎಲ್ಲದರಲ್ಲೂ ಪುಷ್ಪಮಾಲಾ ಅವರೇ. ಅವರು ಚಿತ್ರದೊಳಗೆ ಇರುವಾಗ ಕ್ಯಾಮರಾ ಹಿಂದೆ ಇದ್ದವರು ಕ್ಲೇರ್ ಆರ್ನಿ. ಹಾಗಾದರೆ ಈ ಫೋಟೋ ಯಾರದು? ಕೃತಿಯ ಮೇಲೆ ಇಬ್ಬರ ಹೆಸರೂ ಇದೆ. ಗೌರಿ ಗಿಲ್ ಮತ್ತು ರಾಜೇಶ್ ವಾಂಗಡ್ ಜೋಡಿಯೂ ಹಾಗೇ. ಮಹಾರಾಷ್ಟ್ರದ ಗಂಜಾಡ್ ಊರಿನಲ್ಲಿ ಗಿಲ್ ತೆಗೆದ ಕಪ್ಪುಬಿಳುಪು ಫೋಟೋಗಳ ಮೇಲೆಯೇ ವಾಂಗಡ್ ವಾರ್ಲಿ ಗೆರೆಗಳಲ್ಲಿ ತಮ್ಮ ಊರಿನ ಕಥೆ ಬರೆದರು. ಅಲ್ಲೂ ಎರಡು ಹೆಸರು.

ನಮ್ಮ ಕಾನೂನು ಇಷ್ಟು ಉದಾರವಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೋದ ಕರ್ತೃ ಅಂದರೆ ಅದನ್ನು ತೆಗೆದ ವ್ಯಕ್ತಿ. ದುಡ್ಡು ಕೊಟ್ಟು ಹೇಳಿ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ತೆಗೆಸಿದವರದು. ಹಾಗಾಗಿ ವೇಷ ಹಾಕಿ, ಸೆಟ್ ಹಾಕಿ, ಕಥೆ ಕಟ್ಟಿ ಮಾಡಿದ ಕೃತಿ ಕೊಳ್ಳುವಾಗ ಸರ್ಟಿಫಿಕೇಟ್‌ನಲ್ಲಿ ಯಾರ್ಯಾರ ಹೆಸರಿದೆ ನೋಡಿ. ಇಬ್ಬರು ಮಾಡಿದ್ದಕ್ಕೆ ಒಬ್ಬರೇ ಸಹಿ ಹಾಕಿದ್ದರೆ ಇನ್ನೊಬ್ಬರ ಒಪ್ಪಿಗೆ ಇದೆಯಾ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನೊಂದು ವಿಷಯ ಗಿರಾಕಿಗಳಿಗೆ ಹೇಳಿ ಹೇಳಿ ಸಾಕಾಗಿದೆ. ಪ್ರಿಂಟ್ ಕೊಂಡರೆ ಪ್ರಿಂಟ್ ನಿಮ್ಮದು, ಚಿತ್ರ ನಿಮ್ಮದಲ್ಲ. ಕ್ಯಾಲೆಂಡರ್‌ಗೆ, ಪುಸ್ತಕದ ಮುಖಪುಟಕ್ಕೆ, ಕಂಪನಿಯ ಡೈರಿಗೆ ಹಾಕಿಕೊಳ್ಳುವ ಹಾಗಿಲ್ಲ. ಹಕ್ಕು ಬರಹದಲ್ಲಿ ಕೊಟ್ಟರೆ ಮಾತ್ರ ಬರುತ್ತದೆ. ಹಾಗಂತ ಕಾನೂನು ಫೋಟೋಗ್ರಾಫರ್‌ಗಳ ಕಡೆಗೇ ಇದೆ ಅಂದುಕೊಳ್ಳಬೇಡಿ. ಕೃತಿ ಹತ್ತು ಸಾವಿರ ರೂಪಾಯಿಗಿಂತ ಜಾಸ್ತಿಗೆ ಮತ್ತೆ ಮಾರಾಟವಾದರೆ ಕಲಾವಿದರಿಗೆ ಪಾಲು ಕೊಡುವ ಕಲಮು ಅದೇ ಕಾಯ್ದೆಯಲ್ಲಿದೆ. ಅದರಲ್ಲಿ ಪೇಂಟಿಂಗ್, ಶಿಲ್ಪ, ಡ್ರಾಯಿಂಗ್, ಹಸ್ತಪ್ರತಿ ಎಲ್ಲ ಇವೆ, ಫೋಟೋ ಇಲ್ಲ. ನನ್ನನ್ನು ಕೇಳಿದರೆ ಅನ್ಯಾಯ.

ಬೇರೆಯವರ ಫೋಟೋವನ್ನೇ ಫೋಟೋ ತೆಗೆದು ತಮ್ಮದು ಅನ್ನುವವರೂ ಇದ್ದಾರೆ. ವಾಕರ್ ಇವಾನ್ಸ್ 1936ರಲ್ಲಿ ಅಲಬಾಮಾದ ಬಡ ರೈತ ಕುಟುಂಬಗಳನ್ನು ತೆಗೆದಿದ್ದರು. 1981ರಲ್ಲಿ ಶೆರಿ ಲೆವೀನ್ ಒಂದು ಕ್ಯಾಟಲಾಗ್‌ನಲ್ಲಿ ಅಚ್ಚಾಗಿದ್ದ ಆ ಚಿತ್ರಗಳನ್ನೇ ಕ್ಯಾಮರಾದಲ್ಲಿ ತೆಗೆದು, ಗ್ಯಾಲರಿಯಲ್ಲಿ ತೂಗುಹಾಕಿದರು. ಕದ್ದದ್ದಲ್ಲ, 'ವಾಕರ್ ಇವಾನ್ಸ್ ನಂತರ' ಅಂತ ಶೀರ್ಷಿಕೆಯಲ್ಲೇ ಒಪ್ಪಿಕೊಂಡಿದ್ದರು. ಇಪ್ಪತ್ತು ವರ್ಷ ಕಳೆದು ಮೈಕಲ್ ಮ್ಯಾಂಡಿಬರ್ಗ್ ಎಂಬಾತ ಅದನ್ನೂ ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಹಾಕಿದ. ಫೈಲ್ ಪುಕ್ಕಟೆ. ಜೊತೆಗೆ ಸರ್ಟಿಫಿಕೇಟ್, ಅದಕ್ಕೆ ನೀವೇ ಸಹಿ ಹಾಕಿಕೊಳ್ಳಬೇಕು! ತಮಾಷೆ ಅನಿಸಿದರೂ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ರಿಚರ್ಡ್ ಪ್ರಿನ್ಸ್ ಸಿಗರೇಟ್ ಜಾಹೀರಾತಿನ ಕೌಬಾಯ್ ಚಿತ್ರವನ್ನು ಮತ್ತೆ ತೆಗೆದದ್ದು 2005ರ ಹರಾಜಿನಲ್ಲಿ 12 ಲಕ್ಷ ಡಾಲರ್ ದಾಟಿತು. ಮೂಲ ಜಾಹೀರಾತಿನ ಫೋಟೋ ತೆಗೆದವರಿಗೆ ಅದರಲ್ಲಿ ಬಿಡಿಗಾಸಿಲ್ಲ. ಇಂಥ ಕೃತಿ ಕೊಳ್ಳಲೇಬಾರದು ಅಂತಲ್ಲ. ಲೆವೀನ್ ಕೃತಿ ನನಗೆ ಇಷ್ಟ, ಪ್ರಿನ್ಸ್‌ದು ಅಷ್ಟಕ್ಕಷ್ಟೇ. ಮೂಲ ಯಾವುದು ಅಂತ ಕೃತಿಯೇ ಬಾಯಿಬಿಟ್ಟು ಹೇಳುತ್ತದಾ ಅನ್ನೋದು ನನ್ನ ಅಳತೆ.

ನಿಜಾನಾ ಅಂತ ಕೇಳಬೇಕಾ?

ಕೇಳಬೇಕು, ಆದರೆ ಕೇಳುವ ರೀತಿ ಬೇರೆ. ಫೋಟೋದಲ್ಲಿ ಕೈಯಾಡಿಸುವುದು ಇವತ್ತಿನದಲ್ಲ. ನಮ್ಮಲ್ಲಿಗೆ ಬರುವ ಹಳೆಯ ಸ್ಟುಡಿಯೋ ಫೋಟೋಗಳಲ್ಲಿ ಅಜ್ಜಿಯರ ಕತ್ತಿನ ಸರ, ಸೀರೆಯ ಜರಿ ಎಲ್ಲ ಕುಂಚದಲ್ಲಿ ಬರೆದದ್ದು. ಲೂಪ್ (ದೊಡ್ಡದಾಗಿ ಕಾಣಿಸುವ ಪುಟ್ಟ ಗಾಜು) ಇಟ್ಟು ನೋಡಿದರೆ ಬಣ್ಣ ದಪ್ಪಗೆ ಕೂತಿರುವುದು ಕಾಣುತ್ತದೆ. ಮನೆಯಲ್ಲಿ ಇಲ್ಲದ ಚಿನ್ನ ಫೋಟೋದಲ್ಲಿ ಬಂತು ಅಂತ ಯಾರೂ ಬೇಜಾರು ಮಾಡಿಕೊಂಡಿಲ್ಲ. ಆಂಡ್ರಿಯಾಸ್ ಗುರ್ಸ್ಕಿ 1999ರಲ್ಲಿ ರೈನ್ ನದಿಯನ್ನು ತೆಗೆದು, ಆಚೆ ದಡದ ಕಟ್ಟಡಗಳನ್ನು ಕಂಪ್ಯೂಟರ್‌ನಲ್ಲಿ ಅಳಿಸಿಹಾಕಿದರು. ಉಳಿದದ್ದು ಹುಲ್ಲು, ನೀರು, ಬೂದು ಆಕಾಶ. ಅದು 2011ರಲ್ಲಿ 43 ಲಕ್ಷ ಡಾಲರ್‌ಗೆ ಹೋಯಿತು. ಅಳಿಸಿದ್ದನ್ನು ಅವರು ಮುಚ್ಚಿಟ್ಟಿರಲಿಲ್ಲ.

ಸ್ಟೀವ್ ಮೆಕರಿ ವಿಷಯ ಬೇರೆ. ಅವರ ಭಾರತದ ಚಿತ್ರಗಳನ್ನು ಲೋಕವೆಲ್ಲ ಸುದ್ದಿ ಛಾಯಾಗ್ರಾಹಕ ತೆಗೆದದ್ದು ಅಂತ ನೋಡಿತ್ತು. 2016ರಲ್ಲಿ ಇಟಲಿಯ ಪ್ರದರ್ಶನವೊಂದರಲ್ಲಿ ಕ್ಯೂಬಾದ ಚಿತ್ರದ ಕಂಬವೊಂದು ಎಡವಟ್ಟಾಗಿ ಕತ್ತರಿಸಿರುವುದು ಒಬ್ಬರ ಕಣ್ಣಿಗೆ ಬಿತ್ತು. ಆಮೇಲೆ ಜನ ಹುಡುಕಿದರೆ, ಬೇರೆ ಚಿತ್ರಗಳಲ್ಲಿ ಮನುಷ್ಯರೇ ಮಾಯವಾಗಿದ್ದರು. ಆಗ ಅವರು ತಾನು ಸುದ್ದಿ ಛಾಯಾಗ್ರಾಹಕ ಅಲ್ಲ, ಚಿತ್ರದಲ್ಲಿ ಕಥೆ ಹೇಳುವವನು ಅಂದರು. ಇರಲಿ. ಆದರೆ ಅದನ್ನು ಮುಂಚೆಯೇ ಹೇಳಬೇಕಿತ್ತು. ಗುರ್ಸ್ಕಿ ಅಳಿಸಿದ್ದೂ ಇವರು ಅಳಿಸಿದ್ದೂ ಕೆಲಸ ಒಂದೇ, ಕೊಟ್ಟ ಮಾತು ಬೇರೆ.

ಆದ್ದರಿಂದ 'ಇದು ನಿಜಾನಾ' ಅನ್ನುವ ಬದಲು 'ಇದರಲ್ಲಿ ಏನೇನು ಮಾಡಿದ್ದೀರಿ' ಅಂತ ಕೇಳಿ. ಸೆಟ್ ಹಾಕಿದ್ದಾ? ಎರಡು ಫ್ರೇಮ್ ಸೇರಿಸಿದ್ದಾ? ಏನಾದರೂ ತೆಗೆದದ್ದಾ? ಎಐ ಬಳಸಿದ್ದಾ? ಕೊನೆಯ ಪ್ರಶ್ನೆ ಈಗ ಬಿಡುವ ಹಾಗೇ ಇಲ್ಲ. 2023ರಲ್ಲಿ ಬೋರಿಸ್ ಎಲ್ಡಾಗ್ಸನ್ ಎಂಬ ಜರ್ಮನ್ ಕಲಾವಿದರು ಸೋನಿ ವರ್ಲ್ಡ್ ಫೋಟೋಗ್ರಫಿ ಪ್ರಶಸ್ತಿ ಗೆದ್ದು, ಚಿತ್ರ ಎಐ ಮಾಡಿದ್ದು ಅಂತ ಹೇಳಿ ಬಹುಮಾನ ಬೇಡ ಅಂದರು. ತೀರ್ಪುಗಾರರ ಕಣ್ಣು ದಾಟಿ ಬಂದದ್ದು ಅದು. ನಮ್ಮ ಕಣ್ಣನ್ನೇ ನಂಬಿ ಕೂತರೆ ಆಗದು. ನಿಸರ್ಗದ ಚಿತ್ರ, ಸುದ್ದಿ ಚಿತ್ರ ಅಂತ ಮಾರುತ್ತಿದ್ದರೆ ಮೂಲ ರಾ ಫೈಲ್ (ಕ್ಯಾಮರಾದಿಂದ ಬಂದ ಹಾಗೇ ಇರುವ ಫೈಲ್) ಅಥವಾ ನೆಗೆಟಿವ್‌ನ ಕಾಂಟ್ಯಾಕ್ಟ್ ಶೀಟ್ (ರೋಲಿನ ಎಲ್ಲ ಚಿತ್ರ ಒಂದೇ ಹಾಳೆಯಲ್ಲಿ ಇರುವ ಪ್ರಿಂಟ್) ತೋರಿಸಿ ಅನ್ನಬಹುದು. ಒಳ್ಳೆಯ ಫೋಟೋಗ್ರಾಫರ್ ಇದಕ್ಕೆ ಸಿಟ್ಟಾಗುವುದಿಲ್ಲ.

ಹಳೆಯದು ಅಂತ ಹೇಳಿದರೆ

ನೋಟು ಚೆಕ್ ಮಾಡುವ ನೇರಳೆ ಟಾರ್ಚ್ ಇದೆಯಲ್ಲ, ಅದನ್ನು ತೆಗೆದುಕೊಂಡು ಹೋಗಿ. ಕತ್ತಲಲ್ಲಿ ಪ್ರಿಂಟಿನ ಬಿಳಿ ಅಂಚಿಗೆ ಬಿಡಿ. ಪೇಪರ್ ನೀಲಿಯಾಗಿ ಮಿನುಗಿದರೆ ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದೆ. ಅದು ಫೋಟೋ ಪೇಪರ್‌ಗೆ ಬಂದದ್ದು ಸುಮಾರು 1950ರ ದಶಕದಲ್ಲಿ. 1930ರ ಪ್ರಿಂಟ್ ಅಂತ ಹೇಳಿದ್ದು ಮಿನುಗಿದರೆ ಕೈಮುಗಿದು ಎದ್ದು ಬನ್ನಿ. ಅಮೆರಿಕದ ಫೋಟೋಗ್ರಾಫರ್ ಲೂಯಿಸ್ ಹೈನ್ ತೀರಿಕೊಂಡದ್ದು 1940ರಲ್ಲಿ. ಅವರ ಕಾಲದ್ದೇ ಅಂತ ಸಂಗ್ರಾಹಕರು ಕೊಂಡ ಎಷ್ಟೋ ಪ್ರಿಂಟ್‌ಗಳ ಬಂಡವಾಳ 1999ರ ಹೊತ್ತಿಗೆ ಬಯಲಾಗಿದ್ದು ಇಂಥ ಪರೀಕ್ಷೆಯಿಂದಲೇ. ಮಿನುಗದಿದ್ದರೆ ಹಳೆಯದೇ ಅಂತ ಗ್ಯಾರಂಟಿ ಇಲ್ಲ, ಈ ರಾಸಾಯನಿಕ ಇಲ್ಲದ ಪೇಪರ್ ಇವತ್ತಿಗೂ ಸಿಗುತ್ತದೆ. ಹೊಸ ಪ್ರಿಂಟ್ ಕೊಳ್ಳುವವರಿಗೆ ಅದೇ ಒಳ್ಳೆಯದು ಕೂಡ. ಮಿನುಗುವ ಪೇಪರ್ ವರ್ಷಗಳು ಕಳೆದಂತೆ ಹಳದಿ ತಿರುಗುತ್ತದೆ.

ಈ ಮೆಸೇಜ್ ಕಳಿಸಿ

ಮುಖಾಮುಖಿ ಕೇಳಲು ಮುಜುಗರ ಅನ್ನುವವರಿಗೆ ನಾನು ಬರೆದುಕೊಡುವುದು ಇಷ್ಟು:

"ನಮಸ್ಕಾರ. ನಿಮ್ಮ ಈ ಚಿತ್ರ ಇಷ್ಟವಾಯಿತು, ಕೊಳ್ಳುವ ಯೋಚನೆ ಇದೆ. ತೆಗೆದ ವರ್ಷ, ಈ ಪ್ರಿಂಟ್ ಹಾಕಿದ ವರ್ಷ ತಿಳಿಸಿ. ಪೇಪರ್ ಮತ್ತು ಇಂಕ್ ಯಾವುದು? ಎಲ್ಲ ಸೈಜು ಸೇರಿ ಒಟ್ಟು ಎಷ್ಟು ಪ್ರಿಂಟ್, ಎಪಿ ಎಷ್ಟು, ಇದು ಎಷ್ಟನೆಯದು? ಮುಂದೆ ಇದೇ ಚಿತ್ರವನ್ನು ಬೇರೆ ರೂಪದಲ್ಲಿ ಹಾಕುತ್ತೀರಾ? ಚಿತ್ರ ಮಾಡುವಾಗ ಸೇರಿಸಿದ್ದು, ತೆಗೆದದ್ದು, ಎಐ ಬಳಸಿದ್ದು ಏನಾದರೂ ಇದೆಯಾ? ಜೊತೆಗೆ ಕೆಲಸ ಮಾಡಿದವರ ಹೆಸರು? ಪ್ರಿಂಟ್ ಹಾಳಾದರೆ ಬದಲಿ ಕೊಡುವ ಪದ್ಧತಿ ಇದೆಯಾ? ಇವೆಲ್ಲ ಸರ್ಟಿಫಿಕೇಟ್‌ನಲ್ಲಿ ಬಂದರೆ ಅನುಕೂಲ."

ಇದಕ್ಕೆ ಉತ್ತರ ಬರದಿದ್ದರೆ ಅದೂ ಒಂದು ಉತ್ತರ. ದುಡ್ಡು ಕಮ್ಮಿ ಇದ್ದರೆ ಪ್ರಿಂಟಿಗೆ ಒದ್ದಾಡಬೇಡಿ, ಫೋಟೋ ಪುಸ್ತಕದಿಂದ ಶುರು ಮಾಡಿ. ಫೋಟೋಗ್ರಾಫರ್ ದಯಾನಿತಾ ಸಿಂಗ್ ಪುಸ್ತಕವನ್ನೇ ಪ್ರದರ್ಶನ ಅನ್ನುತ್ತಾರೆ. ಅವರ 'ಮ್ಯೂಸಿಯಂ ಭವನ್' ಪೆಟ್ಟಿಗೆಯೊಳಗಿನ ಮಡಿಕೆ ಪುಸ್ತಕಗಳನ್ನು ಬಿಚ್ಚಿ ನಿಲ್ಲಿಸಿದರೆ ಮನೆಯ ಕಪಾಟೇ ಗ್ಯಾಲರಿ.

ಕಟ್ಟು ಹಾಕಿಸುವಾಗ

ಕೋಪ ಬರುವುದು ಇಲ್ಲೇ. ಲಕ್ಷ ಕೊಟ್ಟು ಪ್ರಿಂಟ್ ತಂದವರು ಕಟ್ಟು ಹಾಕಿಸಲು ಚೌಕಾಸಿ ಮಾಡುತ್ತಾರೆ. ಸುಮ್ನೆ ಸನ್‌ಬೋರ್ಡ್ ಮೇಲೆ ಅಂಟಿಸಿಬಿಡಿ ಅನ್ನುತ್ತಾರೆ. ಅಂಟಿಸಿದ ದಿನವೇ ಪ್ರಿಂಟಿನ ಬೆಲೆ ಹೋಯಿತು. ಹಿಂದಿನ ಸಹಿ, ಸಂಖ್ಯೆ ಎಲ್ಲ ಗೋಂದಿನ ಕೆಳಗೆ. ಕಲಾವಿದರೇ ಅಕ್ರಿಲಿಕ್‌ಗೆ ಅಂಟಿಸಿ ಕೊಟ್ಟಿದ್ದರೆ ಮಾತ್ರ ಬೇರೆ, ಅದು ಕೃತಿಯ ಭಾಗ.

ಸರಿಯಾದ ರೀತಿ ಹೀಗೆ. ಆಸಿಡ್ ಇಲ್ಲದ ಬೋರ್ಡು. ಅದರ ಮೇಲೆ ಪ್ರಿಂಟನ್ನು ಮೇಲಿನ ಅಂಚಿನಲ್ಲಿ ಮಾತ್ರ, ಜಪಾನೀ ಪೇಪರಿನ ಎರಡು ಪುಟ್ಟ ಪಟ್ಟಿಯಿಂದ, ಗೋಧಿ ಗಂಜಿಯ ಅಂಟಿನಲ್ಲಿ ತೂಗುಬಿಡಬೇಕು. ಮಳೆಗಾಲದಲ್ಲಿ ಪೇಪರ್ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ, ಅದಕ್ಕೆ ಜಾಗ ಬೇಕು. ನಾಲ್ಕೂ ಕಡೆ ಟೇಪ್ ಹಾಕಿದರೆ ಹಪ್ಪಳದಂತೆ ಉಬ್ಬುತ್ತದೆ. ಗಾಜು ಪ್ರಿಂಟಿಗೆ ತಾಗಬಾರದು, ನಡುವೆ ಮೌಂಟ್ (ಚಿತ್ರದ ಸುತ್ತ ಕಿಟಕಿಯಂತೆ ಕತ್ತರಿಸಿದ ದಪ್ಪ ಬೋರ್ಡು) ಅಥವಾ ಸ್ಪೇಸರ್ (ಅಂಚಿಗೆ ಇಡುವ ತೆಳು ಪಟ್ಟಿ) ಇರಲಿ. ತಾಗಿದರೆ ತೇವಕ್ಕೆ ಅಂಟಿಕೊಳ್ಳುತ್ತದೆ, ಬಿಡಿಸಲು ಬರುವುದಿಲ್ಲ. ಹಿಂದೆ ಪ್ಲೈವುಡ್, ಹಾರ್ಡ್‌ಬೋರ್ಡ್ ಬೇಡ, ಅವು ಬಿಡುವ ಆಸಿಡ್ ಪೇಪರನ್ನು ತಿನ್ನುತ್ತದೆ. ಯುವಿ ತಡೆಯುವ ಅಕ್ರಿಲಿಕ್ ದುಬಾರಿ, ಆದರೂ ಹಾಕಿಸಿ.

ಪಶ್ಚಿಮದ ಕಿಟಕಿ ಎದುರು, ಅಡುಗೆಮನೆ ಗೋಡೆ, ದೀಪದ ಮೇಲೆ, ಮಳೆ ನೀರು ಇಳಿಯುವ ಹೊರಗೋಡೆ ಇವು ಬೇಡ. ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಂಡಿ ಹಾಕಿಸಿದರೆ ಕಟ್ಟಿನ ಹಿಂದೆ ಗಾಳಿ ಆಡುತ್ತದೆ, ಬೂಷ್ಟು ಬರುವುದಿಲ್ಲ.

ಕಟ್ಟು ಮುಚ್ಚುವ ಮುಂಚೆ ಪ್ರಿಂಟಿನ ಬೆನ್ನನ್ನು ಫೋನ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಸರ್ಟಿಫಿಕೇಟ್‌ನ ಜೆರಾಕ್ಸ್ ಒಂದನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿನ ಹಿಂದೆ ಸಿಗಿಸಿ. ಅಸಲು ಮತ್ತು ಬಿಲ್ಲು ಮನೆ ಪತ್ರಗಳ ಜೊತೆ ಇರಲಿ, ಎಲ್ಲಿದೆ ಅಂತ ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಲಿ. ಹಿಂದಿನ ಟೇಪ್ ಬಿಟ್ಟಿದೆಯಾ, ಬೆಳ್ಳಿಹುಳ ಬಂದಿದೆಯಾ ಅಂತ ಪ್ರತಿ ಮಳೆಗಾಲ ಮುಗಿದ ಮೇಲೆ ಇಳಿಸಿ ನೋಡಿ. ಬಂದಿದ್ದರೆ ನೀವೇ ಬಿಚ್ಚಲು ಹೋಗಬೇಡಿ, ಹಾಗೇ ಎತ್ತಿಕೊಂಡು ಕಟ್ಟು ಹಾಕಿದವರ ಹತ್ತಿರ ಬನ್ನಿ.